ಟೆಸ್ಟರ್ ಕಾಕಾ

ಪುಣೆಯ ಪ್ರತಿ ಹೌಸಿಂಗ್ ಸೊಸೈಟಿಗೂ ಒಬ್ಬ ಚೇರ್ಮನ್, ಒಬ್ಬ ಸೆಕ್ರೆಟರಿ, ಒಬ್ಬ ಟೆಸ್ಟರ್ ಕಾಕಾ ಇರುತ್ತಾರೆ. ಮೊದಲಿಬ್ಬರನ್ನು ಚುನಾವಣೆಯಲ್ಲಿ ಇಳಿಸಬಹುದು. ಮೂರನೆಯವರಿಗೆ ಆ ಸೌಲಭ್ಯವಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ನಿಯಾನ್ ಟೆಸ್ಟರ್, ಕೈಯಲ್ಲಿ ಬಟ್ಟೆಚೀಲ, ಚೀಲದಲ್ಲಿ ಇನ್ಸುಲೇಷನ್ ಟೇಪು ಮತ್ತು ಒಂದು ಜೊತೆ ಹವಾಯಿ ಚಪ್ಪಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ನಮ್ಮ ಜನರ ನಡುವೆ, ಹೊರಗಿನದನ್ನು ಬಾಗಿಲಲ್ಲಿ ಬಿಟ್ಟು ಚೀಲದೊಳಗಿನದನ್ನು ಹಾಕಿಕೊಂಡು ಸೀದಾ ಅಡುಗೆಮನೆಯ ಸ್ವಿಚ್ ಬೋರ್ಡಿಗೇ ನಡೆಯುವವರು ಇವರೊಬ್ಬರೇ.

ಧಾಯರಿಯ ನಮ್ಮ ಸೊಸೈಟಿಯ ಕಾಕಾ ಧಾರವಾಡದ ಕಡೆಯವರು. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿ ಎಷ್ಟೋ ತಲೆಗಳಿಗೆ ಓಮ್‌ನ ನಿಯಮ ತುಂಬಿ ನಿವೃತ್ತರಾದವರು. ಈಗ ತರಗತಿ ಇಲ್ಲ, ಪಾಠ ಮಾತ್ರ ಮುಗಿದಿಲ್ಲ. ಚಹಾಕ್ಕೆ ಕರೆದರೆ ಕಪ್ಪಿಗಿಂತ ಮೊದಲು ಕಣ್ಣು ಹೋಗುವುದು ಪ್ಲಗ್ಗಿನ ಕಡೆಗೆ.

"ಮೂರು ಪಿನ್ನಿನ್ಯಾಗ ಮ್ಯಾಲಿಂದು ಯಾಕ ಉದ್ದ ಅದ, ತಮ್ಮಾ?"

ಭೌತಶಾಸ್ತ್ರ ನನ್ನನ್ನು ದಾಟಿಸಿದ್ದೇ ಕರುಣೆಯಿಂದ. "ಕಂಪನಿಯವರು ಹಂಗ ಮಾಡಿರ್ತಾರ, ಕಾಕಾ" ಎಂದೆ. ಅವರು ಕಪ್ಪು ಕೆಳಗಿಟ್ಟರು. ಒಳಗೆ ಹೋಗುವಾಗ ಅರ್ಥಿಂಗ್ ಎಲ್ಲಕ್ಕಿಂತ ಮೊದಲು ಕೂಡಬೇಕು, ಹೊರಗೆ ಬರುವಾಗ ಎಲ್ಲಕ್ಕಿಂತ ಕಡೆಗೆ ಬಿಡಬೇಕು, ಅದಕ್ಕೆ ಉದ್ದ. ತಪ್ಪಿಯೂ ಫೇಸಿನ ತೂತಿಗೆ ಹೋಗಬಾರದು, ಅದಕ್ಕೆ ದಪ್ಪ. ಇಷ್ಟು ಹೇಳುವಷ್ಟರಲ್ಲಿ ಚಹಾ ಆರಿತು, ಇನ್ನೊಂದು ಕಪ್ಪಾಯಿತು, ಅದೂ ಆರಿತು.

ಬುಧವಾರ ಪೇಠೆಯ ತಪಕೀರ ಗಲ್ಲಿಯ ಅಂಗಡಿಗಳಲ್ಲಿ ಅವರನ್ನು ಅರಿಯದವರಿಲ್ಲ. ಐಎಸ್‌ಐ ಗುರುತು ಎಲ್ಲಿದೆ, ಗೀಸರಿನ ಸಾಕೆಟ್ಟಿಗೆ ಎರಡೂವರೆ ಎಂ.ಎಂ. ವೈರ್ ಬಿಟ್ಟು ಒಂದೂವರೆಯದು ಯಾಕೆ ಕೊಡುತ್ತೀ ಎಂದು ಅಂಗಡಿಯವನನ್ನು ನಿಲ್ಲಿಸಿ ಕೇಳಿ, ಕಡೆಗೆ ಒಂದು ಟೇಪು ಕೊಂಡು ಬರುತ್ತಾರೆ.

ಗುರುವಾರ ಅವರಿಗೆ ಹಬ್ಬ. ಪುಣೆಯಲ್ಲಿ ಮಹಾವಿತರಣದವರು ದುರಸ್ತಿಗೆಂದು ಲೈಟ್ ತೆಗೆಯುವುದು ಸಾಮಾನ್ಯವಾಗಿ ಅವತ್ತೇ. ಟಿವಿ ಇಲ್ಲ, ಫ್ಯಾನ್ ಇಲ್ಲ, ಲಿಫ್ಟ್ ಇಲ್ಲದ್ದರಿಂದ ಯಾರೂ ತಪ್ಪಿಸಿಕೊಂಡು ಹೋಗುವಂತಿಲ್ಲ. ಕೆಳಗಿನ ಕಟ್ಟೆಯ ಮೇಲೆ ಮೂರನೆಯ ಮಹಡಿಯ ಮರಾಠಿ ಆಜೋಬಾರಿಗೂ ಇವರಿಗೂ ಹಳೆಯ ಲಡಾಯಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ ಎಂದು ಇವರು. ಖೋಪೋಲಿಯಲ್ಲಿ ಟಾಟಾರವರದು ಎಂದು ಅವರು. "ಅದು 1915! ಹದಿಮೂರು ವರ್ಷ ಹಿಂದ ಬಿದ್ರಿ!" ಎಂದು ಕಾಕಾ ತೊಡೆ ತಟ್ಟುತ್ತಾರೆ. ಒಮ್ಮೆ ಆಜೋಬಾ ಮುಳಶಿಯ ಮಾತೆತ್ತಿದರು. ಟಾಟಾ ಅಣೆಕಟ್ಟಿನ ವಿರುದ್ಧ 1921ರಲ್ಲಿ ಸೇನಾಪತಿ ಬಾಪಟ್ ಸತ್ಯಾಗ್ರಹ ಹೂಡಿದ್ದು, ಆದರೂ ಹಳ್ಳಿಗಳು ಮುಳುಗಿ ಮುಂಬೈಯಲ್ಲಿ ದೀಪ ಹತ್ತಿದ್ದು. ಕಾಕಾ ತೊಡೆ ತಟ್ಟಲಿಲ್ಲ. ಆ ಗುರುವಾರವೊಂದೇ ಸಭೆ ಬೇಗ ಮುಗಿದದ್ದು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಬೆರಳು. ಆರ್‌ಸಿಸಿಬಿ ಎಂಬ ಸ್ವಿಚ್ಚಿನ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಅದನ್ನು ಆಗಾಗ ಒತ್ತಿ, ಸ್ವಿಚ್ಚು ಬೀಳುತ್ತದೆಯೇ ಎಂದು ನೋಡಬೇಕಂತೆ. ನಾವ್ಯಾರೂ ನೋಡುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಕಾಕಾ ಮನೆಮನೆಗೆ ಬಂದು ಒತ್ತುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕು ಪುಣೇಕರರ ನಿದ್ದೆಯ ಹೊತ್ತೆಂಬ ಗೌರವವೂ ಅವರಿಗಿಲ್ಲ. ನಾನು ಮೇಲಧಿಕಾರಿಯೊಂದಿಗೆ ಕಂಪ್ಯೂಟರಿನಲ್ಲಿ ಮಾತಾಡುತ್ತಿದ್ದಾಗಲೇ ಟಕ್ಕೆಂದು ಮನೆ ಕತ್ತಲಾಗಿ, ಹಜಾರದಿಂದ "ಶಾಬಾಸ್!" ಎಂದು ಕೇಳಿಸಿದ್ದುಂಟು. ಶಾಬಾಸು ನನಗಲ್ಲ, ಸ್ವಿಚ್ಚಿಗೆ.

ಚಳಿಗಾಲದ ಒಂದು ಬೆಳಿಗ್ಗೆಯಂತೂ ಮರೆಯುವಂತಿಲ್ಲ. ತಲೆಗೆ, ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ, ಲೈಟ್ ಹೋಯಿತು. ಹೆಂಡತಿ ಸ್ವಿಚ್ಚನ್ನು ಮೇಲಕ್ಕೆತ್ತಿದಳು, ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಕೆಳಗಿನ ಮನೆಗೆ ಬಂದಿದ್ದ ವೈರ್‌ಮನ್ ಹುಡುಗನನ್ನು ಕರೆದಳು. ಅವನು ಸ್ಕ್ರೂ ಡ್ರೈವರ್ ತೆಗೆದು, "ವಹಿನೀ, ಹೇ ಕಾಢೂನ ಡೈರೆಕ್ಟ್ ಜೋಡೂನ ದೇತೋ" ಎಂದ. ಆರ್‌ಸಿಸಿಬಿಯನ್ನೇ ತೆಗೆದು ನೇರ ಜೋಡಿಸಿಬಿಡುವ ಮಾತು. ಆ 'ಡೈರೆಕ್ಟ್' ಎಂಬ ಶಬ್ದ ಎರಡು ಮಹಡಿ ದಾಟಿ ಹೇಗೆ ಕೇಳಿಸಿತೋ, ಕಾಕಾ ಬಂದು ಬೋರ್ಡಿನ ಮುಂದೆ ಎರಡೂ ತೋಳು ಚಾಚಿ ನಿಂತುಬಿಟ್ಟರು.

ನಾನು ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ಹೊರಗೆ ಬಂದೆ. "ಕಾಕಾ, ಎಂಸಿಬಿ ಅದ ಅಲ್ಲರೀ, ಸಾಕು" ಎಂದೆ. ಅದನ್ನು ಹೇಳಬಾರದಿತ್ತು.

"ಎಂಸಿಬಿ ಕಾಯೂದು ವೈರ್, ನಿನ್ನನ್ನಲ್ಲ. ಹದಿನಾರು ಆಂಪಿಯರ್ ದಾಟೂತನಕ ಅದು ಸುಮ್ಮ ಕುಂತಿರ್ತದ. ನಿನ್ನ ಎದಿ ನಿಲ್ಲಾಕ ಎಷ್ಟು ಬೇಕು? ಮೈ ತೊಯ್ದದ. ರೋಧ ಸಾವಿರ ಓಮ್ ಹಿಡಿ. ವೋಲ್ಟೇಜು 230. ಭಾಗಿಸು."

ಸೋಪು ಕಣ್ಣಿಗಿಳಿಯುತ್ತಿತ್ತು. ಭಾಗಿಸಿದೆ. ಕಾಲು ಆಂಪಿಯರಿಗೆ ಸ್ವಲ್ಪ ಕಡಿಮೆ.

"ಅದರ ಅರ್ಧದಾಗ ಹೋಗ್ತಿ" ಎಂದರು, ಮಾರ್ಕು ಕೊಡುವ ದನಿಯಲ್ಲಿ. ಆಮೇಲೆ ಆರ್‌ಸಿಸಿಬಿಯ ಪಾಠ. ಕಿರಾಣಿ ಅಂಗಡಿಯ ಶೆಟ್ಟರಂತೆ ಅದು ಲೆಕ್ಕ ಇಡುತ್ತದೆ: ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲಿನಲ್ಲಿ ತಿರುಗಿ ಬಂದದ್ದೆಷ್ಟು. ಮೂವತ್ತು ಮಿಲಿ ಆಂಪಿಯರ್ ತಾಳೆಯಾಗದಿದ್ದರೂ ಕ್ಷಣದಲ್ಲಿ ಅಂಗಡಿ ಬಂದ್. ಆ ಬಾರದ ಬಾಕಿ ಅರ್ಥಿಂಗಿನ ವೈರಿನಲ್ಲಿ ಹೋಗಿರಬಹುದು, ಅಥವಾ ನಲ್ಲಿ ಹಿಡಿದು ನಿಂತವನ ಮೈಯೊಳಗಿಂದ ನೆಲಕ್ಕೆ ಹೋಗಿರಬಹುದು. ಕಡೆಗೆ ಗೀಸರ್ ಬಿಚ್ಚಿಸಿದರು. ಟ್ಯಾಂಕರ್ ನೀರಿನ ಸುಣ್ಣ ಕಟ್ಟಿ ಕಾಯಿಲಿನ ಕವಚ ಸೀಳಿತ್ತು. ಕಾಕಾ ಅದನ್ನು ನನ್ನ ಅಂಗೈ ಮೇಲಿಟ್ಟರು. ತಣ್ಣೀರಿನಲ್ಲಿ ಸೋಪು ತೊಳೆದುಕೊಂಡೆ. ಅವತ್ತು ಅವರ ಮೇಲೆ ಬಂದ ಸಿಟ್ಟು ನ್ಯಾಯವಾದದ್ದಲ್ಲ, ಆದರೆ ಬಂತು.

ಇಂಥವರ ಕಷ್ಟ ಅದೇ. ಬೆಂಕಿ ಆರಿಸಿದವನಿಗೆ ಹಾರ ಉಂಟು. ಬೆಂಕಿಯೇ ಹತ್ತದಂತೆ ನೋಡಿಕೊಂಡವನು ಬರೀ ಕಿರಿಕಿರಿಯವನು. ಸುಟ್ಟ ಫ್ಯೂಸಿಗೆ ನಾಲ್ಕೆಳೆ ದಪ್ಪ ತಾಮ್ರ ಸುತ್ತಿ "ಇನ್ನ ಹೋಗಂಗಿಲ್ಲ ನೋಡ್ರಿ" ಎನ್ನುವ ವೈರ್‌ಮನ್‌ನನ್ನು ನಾವು ಜಾಣ ಎನ್ನುತ್ತೇವೆ. ಹೋಗುವುದೇ ಅದರ ಕೆಲಸ ಎನ್ನುವ ಮಾಸ್ತರರನ್ನು ಕಂಡರೆ ಲಿಫ್ಟಿನ ಬಾಗಿಲು ಮುಚ್ಚುತ್ತೇವೆ.

ಕಾಕಾರ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಮನೆಯ ಕರೆಂಟು 120 ವೋಲ್ಟು. ಬಚ್ಚಲಿನ ಸಾಕೆಟ್ಟಿನಲ್ಲೇ ಇಂಥ ಸ್ವಿಚ್ಚಿದ್ದು, ಐದು ಮಿಲಿ ಆಂಪಿಯರಿನ ಸುಮಾರಿಗೇ ಬೀಳುತ್ತದೆಂದು ಕಾಕಾರಿಗೆ ಆ ದೇಶದ ಮೇಲೆ ಗೌರವ. ಮೊಮ್ಮಗನಿಗೆ ಕನ್ನಡ ಬರುವುದಿಲ್ಲ, ಅಜ್ಜನ ಇಂಗ್ಲಿಷು ಅವನಿಗೆ ತಿಳಿಯುವುದಿಲ್ಲ. ಭಾನುವಾರ ವಿಡಿಯೋ ಕರೆ ಬಂದಾಗ ಇಬ್ಬರ ನಡುವೆ ಒಂದೇ ಮಾತು. "ಟೆಸ್ಟ್?" ಎನ್ನುತ್ತಾರೆ ಇವರು. ಹುಡುಗ ಫೋನು ಹಿಡಿದು ಬಚ್ಚಲಿಗೆ ಓಡಿ ಗುಂಡಿ ಒತ್ತುತ್ತಾನೆ. ಟಕ್. "ಶಾಬಾಸ್!" ನಾನೊಮ್ಮೆ ಪಕ್ಕದಲ್ಲೇ ಕೂತಿದ್ದೆ. ಕರೆ ಮುಗಿದ ಮೇಲೂ ಕಾಕಾ ಫೋನನ್ನು ಬಹಳ ಹೊತ್ತು ಜೇಬಿಗೆ ಹಾಕಲಿಲ್ಲ.

ಹೋದ ಗಣೇಶ ಹಬ್ಬದಲ್ಲಿ ಮಂಟಪದ ದೀಪದ ಸರಕ್ಕೂ ಆರ್‌ಸಿಸಿಬಿ ಬೇಕೆಂದು ಹಟ ಹಿಡಿದರು. ಡೆಕೊರೇಟರ್ ನಕ್ಕ, ಕಮಿಟಿ ನಕ್ಕಿತು, ಕಾಕಾ ಸ್ವಂತ ಖರ್ಚಿನಲ್ಲಿ ತಂದು ಹಾಕಿಸಿದರು. ಎರಡನೆಯ ದಿನ ಆರತಿ ಅರ್ಧಕ್ಕೆ ಬಂದಾಗ ಜಿಟಿಜಿಟಿ ಮಳೆ ಹಿಡಿಯಿತು. ದೀಪ, ಮೈಕು ಒಟ್ಟಿಗೇ ಬಂದ್. "ಕಾಕಾ!" ಎಂದು ನೂರು ಗಂಟಲು ಕೂಗಿದವು. ಕತ್ತಲೊಳಗಿಂದ ಧಾರವಾಡದ ಮರಾಠಿ ಕುಣಿಯಿತು: "ಟ್ರಿಪ್ ಝಾಲಾ! ಬಘಾ, ಟ್ರಿಪ್ ಝಾಲಾ!" ಟಾರ್ಚು ಹಾಕಿ ಹುಡುಕಿದರೆ, ಮಕ್ಕಳು ಒರಗಿ ನಿಲ್ಲುವ ಕಬ್ಬಿಣದ ಕಂಬಕ್ಕೆ ಟೇಪು ಬಿಚ್ಚಿದ ಒಂದು ಜಾಯಿಂಟು ತೊಯ್ದು ಅಂಟಿಕೊಂಡಿತ್ತು. ಹೊಸ ಜಾಯಿಂಟು ಆಗುವತನಕ ಕಾಕಾ ಲೈಟ್ ಬಿಡಲಿಲ್ಲ. ಆರತಿ ಚಪ್ಪಾಳೆಯ ಮೇಲೆ ಮುಗಿಯಿತು.

ಮರುದಿನ ಕಮಿಟಿಯವರು ಪೇಢೆಯ ಡಬ್ಬಿಯೊಂದಿಗೆ ಸ್ವಿಚ್ಚಿನ ಹಣ ಕೊಡಲು ಹೋದರು. ಕಾಕಾ ಪೇಢೆ ತೆಗೆದುಕೊಂಡರು, ಹಣ ಬೇಡವೆಂದರು. ವಿಸರ್ಜನೆಯ ಟ್ರಕ್ಕಿನ ಮೇಲೆ ಜನರೇಟರ್ ಇಡುತ್ತೀರಲ್ಲ, ಅದಕ್ಕೆ ಅರ್ಥಿಂಗ್ ಎಲ್ಲಿ ಕೊಟ್ಟಿದ್ದೀರಿ ಎಂದು ಮಾತ್ರ ಕೇಳಿದರು. ಕಮಿಟಿ ಆ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದೆ.