ಕೊಡಿಕೊಂಡದ ಹಿತ್ತಲಲ್ಲಿ ಕಡಲ ಕಲ್ಲು

"ಕಲ್ಲಿಗೆ ಕಾಸು ಕೊಟ್ಟು ಬೆಂಗಳೂರಿಂದ ಹೊತ್ಕೊಂಡು ಬಂದ್ಯಾ ಅಳಿಯಾ? ನಮ್ಮೂರಾಗೆ ಇರೋದೇ ಕಲ್ಲು!"

ಬೇಲಿಯಾಚೆಯ ಮಾವನಿಗೆ ಇದಕ್ಕಿಂತ ದೊಡ್ಡ ತಮಾಷೆ ಈ ವರ್ಷ ಸಿಕ್ಕಿಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇದೆ ಅನ್ನಿ. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ನಿಂತು ಯಾವ ದಿಕ್ಕಿಗೆ ಮುಖ ಮಾಡಿದರೂ ಬಂಡೆ. ಹಿಂದೂಪುರದ ರಸ್ತೆ ಹಿಡಿದರೆ ಲೇಪಾಕ್ಷಿ. ಅಲ್ಲಿ ಇಡೀ ಬಂಡೆಯೊಂದನ್ನೇ ಕಡೆದು ಕೂರಿಸಿದ ಬಸವಣ್ಣ, ಉದ್ದ 27 ಅಡಿ. ಇಂಥ ಸೀಮೆಗೆ ಟೊಮೆಟೊ ಕ್ರೇಟಿನಲ್ಲಿ ಕಲ್ಲು ತುಂಬಿಕೊಂಡು ಬಂದವನನ್ನು ನೋಡಿ ಊರು ನಗದೆ ಇನ್ನೇನು ಮಾಡೀತು?

ಆದರೆ ಮಾವಾ, ಬಸವಣ್ಣನ ಕಲ್ಲು ಸಮುದ್ರದ ಮೀನಿನ ತೊಟ್ಟಿಗೆ ಒಗ್ಗೋದಿಲ್ಲ. ಗ್ರಾನೈಟು ಗಟ್ಟಿ, ಒಳಗೆ ತೂತಿಲ್ಲ. ಕಡಪ ಕಲ್ಲು ಆಗಬಹುದಲ್ಲಾ, ಅದು ಸುಣ್ಣದ ಕಲ್ಲೇ ಅಲ್ವಾ ಅಂತ ಅತ್ತೆ ಒಳಗಿಂದ ಕೂಗಿದರು. ಅಡುಗೆಮನೆ ಕಟ್ಟೆ ಮೇಲೆ ನಿಂಬೆರಸ ಚೆಲ್ಲಿ ಬಿಳಿ ಕಲೆ ಉಳಿದದ್ದು ನೋಡಿದವರಿಗೆ ಇದು ಗೊತ್ತಿರುತ್ತೆ. ಸುಣ್ಣ ಹೌದು, ತೂತು ಮಾತ್ರ ಅದರಲ್ಲೂ ಇಲ್ಲ. ನಮಗೆ ಬೇಕಾದದ್ದು ಆ ತೂತೇ. ಮೀನಿನ ಕಕ್ಕಸು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತೆ, ಅದು ಮೀನಿಗೆ ವಿಷ. ಕಲ್ಲಿನ ಮೈಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡ್ತವೆ. ಕಲ್ಲಿನ ಒಳಗಿನ ತೂತುಗಳಲ್ಲಿ, ಉಸಿರಾಡೋಕೆ ಆಮ್ಲಜನಕ ಸಿಗದ ಕಡೆ, ಬೇರೆ ಜಾತಿಯವು ಕೂತು ಆ ನೈಟ್ರೇಟನ್ನೂ ಮುರಿದು ಸಾರಜನಕದ ಗುಳ್ಳೆ ಮಾಡಿ ಗಾಳಿಗೆ ಬಿಡ್ತವೆ. ಲೈವ್ ರಾಕ್ ಅಂತ ಜನ ದುಡ್ಡು ಸುರಿಯೋದು ಈ ಕಾಣದ ಒಕ್ಕಲಿಗೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಅನ್ನೋರು ಕಡಲ ಕಲ್ಲು, ಒಂದಿಷ್ಟು ಗಾಳಿಗುಳ್ಳೆ, ಇಷ್ಟರಲ್ಲೇ ಸಮುದ್ರದ ಮೀನು ಸಾಕಬಹುದು ಅಂತ 1961ರಲ್ಲಿ ಬರೆದು ತೋರಿಸಿದರು. ಫಿಲ್ಟರು ಮಾರೋರಿಗೆ ಅದು ಎಷ್ಟು ಹಿಡಿಸಿತೋ ಕಾಣೆ.

ಇನ್ನು ನಾನು ಬೇರೆಯವರ ತೊಟ್ಟಿಯ ಹಳೇ ಕಲ್ಲು ತಂದದ್ದು ಯಾಕೆ? ಬೆಂಗಳೂರಿನಲ್ಲಿ ಈ ಹುಚ್ಚು ಹಿಡಿದವರು ಎಷ್ಟೋ ಅಷ್ಟೇ ಜನ ಬಿಟ್ಟವರೂ ಇದ್ದಾರೆ. ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ವೀಸಾ, ಒಬ್ಬರಿಗೆ ಮಗು, ಇನ್ನೊಬ್ಬರಿಗೆ ಒಂದೇ ರಾತ್ರಿ ಕರೆಂಟು ಹೋಗಿ ಬೆಳಗಾಗೋದರೊಳಗೆ ಎಲ್ಲ ಮೀನೂ ಮೇಲೆ ತೇಲಿದ ಸಂಕಟ. ಅಂಥವರು ತೊಟ್ಟಿ, ದೀಪ, ಪಂಪು, ಕಲ್ಲು ಎಲ್ಲ ಸಿಕ್ಕಿದ ಬೆಲೆಗೆ ಕೊಡ್ತಾರೆ.

ಅಲ್ಲಿ ಮೊದಲು ಕೇಳಬೇಕಾದ್ದು ಬೆಲೆ ಅಲ್ಲ, ಕಲ್ಲಿನ ಊರು: ಅದು ಹವಳದ ದಿಬ್ಬದಿಂದ ಒಡೆದು ತಂದದ್ದೋ ಅಲ್ಲವೋ ಅಂತ. ಕಲ್ಲು ಕಟ್ಟುವ ಹವಳಗಳನ್ನೆಲ್ಲ 2001ರ ಜುಲೈನಲ್ಲಿ ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ ಸೇರಿಸಿದ್ದಾರೆ. ಹುಲಿ, ಆನೆ ಇರೋ ಪಟ್ಟಿ ಅದು. ಅದಕ್ಕೂ ಮುಂಚೆ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬ ಒಡೆದು ದೋಣಿಗಟ್ಟಲೆ ಸುಣ್ಣದ ಗೂಡಿಗೆ, ಕಾರ್ಖಾನೆಗೆ ಸಾಗಿಸ್ತಿದ್ದರು. ಈಗ ಕಾಗದಪತ್ರ ಇಲ್ಲದ ಹವಳದ ತುಂಡು ಮನೆಯಲ್ಲಿದ್ದರೆ, ಸತ್ತದ್ದಾದರೂ, ಕೇಸು. "ಅಷ್ಟು ದೂರ ಯಾರು ಬಂದು ನೋಡ್ತಾರೋ" ಅಂದರು ಮಾವ. ದೂರ ಎಲ್ಲಿ ಬಂತು ಮಾವಾ, ಪೆನುಕೊಂಡದ ಕಡೆ ಹೆದ್ದಾರಿಯಲ್ಲಿ ಹೋದರೆ ಪಾಲಸಮುದ್ರದಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಪಾಠ ಹೇಳೋ ರಾಷ್ಟ್ರೀಯ ಅಕಾಡೆಮಿಯೇ ಇದೆಯಲ್ಲ. 2024ರ ಜನವರಿ 16ಕ್ಕೆ ಪ್ರಧಾನಿ ಬಂದು ಉದ್ಘಾಟಿಸಿದ್ದು, ಅವತ್ತೇ ಲೇಪಾಕ್ಷಿ ವೀರಭದ್ರನ ದರ್ಶನ ಮಾಡಿದ್ದು, ನೀವೇ ನನಗೆ ಹೇಳಿದ್ದಿರಿ. ಕಳ್ಳ ಹವಳ ಗುರುತು ಹಿಡಿಯೋದು ಕಲಿಯೋರು ನಮ್ಮ ನೆರೆಯವರು.

ತಮಾಷೆ ಬಿಡಿ. ಕಲ್ಲಿನ ಮೈಮೇಲೆ ಸಣ್ಣ ಸಣ್ಣ ನಕ್ಷತ್ರದ ಅಚ್ಚು ಸಾಲಾಗಿ ಕಂಡರೆ ಅದು ಹವಳದ ಅಸ್ಥಿ. ಅಂಥವನ್ನು ಅಲ್ಲೇ ಬಿಟ್ಟು, ಸಿಮೆಂಟು, ಚಿಪ್ಪಿನ ಮರಳು ಕಲಸಿ ತೂತು ಬರೋ ಹಾಗೆ ಎರಕ ಹೊಯ್ದು ಮಾಡಿದ ಕಲ್ಲು ಮಾತ್ರ ಎತ್ತಿಕೊಂಡು ಬಂದೆ. ಅವು ವರ್ಷಗಟ್ಟಲೆ ಉಪ್ಪುನೀರಲ್ಲಿ ನಿಂತು ನೇರಳೆ ಬಣ್ಣದ ಪಾಚಿ ಹೊದ್ದುಕೊಂಡಿವೆ. ಬ್ಯಾಕ್ಟೀರಿಯಾಗೆ ತಾನು ಕೂತಿರೋದು ಹವಳವೋ ಸಿಮೆಂಟೋ ಅನ್ನೋ ಭೇದ ಇಲ್ಲ.

ತಂದ ಮೇಲೆ ಎರಡೇ ದಾರಿ. ಒಂದು, ಮೇಲಿರೋ ಜೀವವನ್ನ ಹಾಗೇ ಉಳಿಸಿಕೊಳ್ಳೋದು: ಕಲ್ಲನ್ನ ಗಾಳಿಗೆ ಒಣಗಿಸದೆ ಉಪ್ಪುನೀರಲ್ಲೇ ತಂದು, ಉಪ್ಪುನೀರಿನ ಡ್ರಮ್ಮಿನಲ್ಲೇ ಇಳಿಸಿ, ನೀರು ಸುತ್ತಿಸ್ತಾ ಕತ್ತಲಲ್ಲಿ ಇಡೋದು. ಎರಡು, ಎಲ್ಲವನ್ನೂ ಕೊಂದು ಬರೀ ಕಲ್ಲು ಮಾಡಿ ಮೊದಲಿಂದ ಶುರು ಮಾಡೋದು. ಇವೆರಡರ ನಡುವಿನ ದಾರಿಯೇ ಹಾಳು. ಒದ್ದೆ ಪೇಪರು ಸುತ್ತಿ ಬಿಸಿಲಲ್ಲಿ ಬಸ್ಸು ಹತ್ತಿಸಿದ ಕಲ್ಲಿನ ಮೇಲೆ ಅರ್ಧ ಸತ್ತಿರುತ್ತೆ, ಅರ್ಧ ಬದುಕಿರುತ್ತೆ. ಸಾಯಬಾರದ ಸ್ಪಂಜು, ಕಡಲ ಹುಳ ಸತ್ತು ಕೊಳೆತು ನಾರುತ್ತೆ; ಸಾಯಬೇಕಾದ ಐಪ್ಟೇಸಿಯಾ ಮಾತ್ರ ಬದುಕಿ ನಗುತ್ತೆ. ಐಪ್ಟೇಸಿಯಾ ಅಂದರೆ ಬೆರಳುದ್ದದ ಕಡಲ ಹೂ, ಕುಟುಕೋ ಜಾತಿ. ಚಿವುಟಿದರೆ ಬಿದ್ದ ಚೂರೂ ಗಿಡವಾಗುತ್ತೆ. ಹಳೇ ಮಾಲೀಕರ ತೊಟ್ಟಿಯಲ್ಲಿ ಅದು ಧಾರಾಳವಾಗಿತ್ತು, ಅದಕ್ಕೇ ನಾನು ಎರಡನೇ ದಾರಿ ಹಿಡಿದೆ.

ಇಲ್ಲಿ ಮಾವನಿಗೆ ಕಣ್ಣು ಹೊಳೆಯಿತು. ಅವರದು ರೇಷ್ಮೆ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹಾಕಿ ಹಾಕಿ ತಲೆ ನರೆತವರು. "ಹಾಲುತೊಂಡೆ ಬಂದ ಹುಳುಮನೇಲಿ ತೊಳೀದೇ ಹೊಸ ಚಾಕಿ ಇಳಿಸ್ತಾರೇನೋ? ಬೆಳೆ ಎದ್ದ ಕೂಡ್ಲೇ ಬ್ಲೀಚಿಂಗ್ ಹೊಡೀಬೇಕು, ತಟ್ಟೆ, ಚಂದ್ರಂಕಿ ಎಲ್ಲಾ ಬಿಸಿಲಿಗೆ ಹಾಕ್ಬೇಕು" ಅಂದರು. ಅಷ್ಟೇ ಮಾವಾ, ನಾನು ಮಾಡ್ತಿರೋದೂ ಅದನ್ನೇ. ಅವತ್ತಿಂದ ಅವರು ನಗೋದು ನಿಲ್ಲಿಸಿದರು, ಸಲಹೆ ಕೊಡೋದು ಶುರು ಮಾಡಿದರು. ನಗುವೇ ವಾಸಿಯಿತ್ತು.

ಮೊದಲನೇ ಸಲಹೆ: ದೊಡ್ಡ ಹಂಡೆಯಲ್ಲಿ ಹಾಕಿ ಕುದಿಸಿಬಿಡು. ಅಯ್ಯೋ, ಇದೊಂದು ಮಾತ್ರ ಬೇಡ! ಕಡಲ ಕಲ್ಲಿಗೆ ಅಂಟಿಕೊಂಡಿರೋ ಪ್ಯಾಲಿಥೋವಾ ಅನ್ನೋ ಬಟನ್ ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು. ಹವಾಯಿಯಲ್ಲಿ ಮೂರ್ ಮತ್ತು ಶ್ಯೂಯರ್ ಅನ್ನೋ ವಿಜ್ಞಾನಿಗಳು 1971ರಲ್ಲಿ ಬೇರ್ಪಡಿಸಿ ತೋರಿಸಿದ್ದು. ಕುದಿಸಿದರೆ ಅದು ಆವಿಯ ಜೊತೆ ಮನೆಯೆಲ್ಲ ಹರಡುತ್ತೆ. ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ದಾಖಲಾಗಿವೆ. ಒಣ ಕಲ್ಲನ್ನ ಬ್ರಷ್ಷಿನಿಂದ ಕೆರೆಯೋದು, ಕಾರು ತೊಳೆಯೋ ಪ್ರೆಶರ್ ಪೈಪು ಹಿಡಿಯೋದು, ಇವೂ ಬೇಡ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಹಿತ್ತಲಿನ ಬಯಲು. ಮಕ್ಕಳು, ನಾಯಿ ದೂರ.

ಬ್ಲೀಚಿಂಗಿಗೆ ಮಾವ ಪುಡಿಯ ಚೀಲವನ್ನೇ ಬೇಲಿ ಮೇಲೆ ಇಟ್ಟರು. ಹುಳುಮನೆಗೆ ಅದು ಸರಿ, ಕಲ್ಲಿಗೆ ಅದು ಬಿಳೀ ಗಸಿ ಬಿಡುತ್ತೆ, ತೂತೆಲ್ಲ ಕಟ್ಟಿಕೊಳ್ಳುತ್ತೆ. ಬಟ್ಟೆಗೆ ಹಾಕೋ ದ್ರವದ ಬ್ಲೀಚ್, ವಾಸನೆ ಬೆರೆಸದ್ದು, ಹತ್ತು ಪಾಲು ನೀರಿಗೆ ಒಂದು ಪಾಲು. ಒಂದೆರಡು ದಿನ ನೆನೆದರೆ ಐಪ್ಟೇಸಿಯಾ, ಪಾಚಿ ಎಲ್ಲಾ ಬೆಳ್ಳಗೆ ಕರಗುತ್ತೆ. ಆಮೇಲೆ ನೀರು ಬದಲಿಸಿ ಬದಲಿಸಿ ತೊಳೆದು, ಕೊನೆಯ ಡ್ರಮ್ಮಿಗೆ ಒಂಚೂರು ಹೈಪೋ. ಹಳೇ ಫೋಟೋ ಸ್ಟುಡಿಯೋದವರು ಕತ್ತಲೆಕೋಣೆಯಲ್ಲಿ ಇಟ್ಟುಕೊಳ್ತಿದ್ದ ಅದೇ ಸೋಡಿಯಂ ಥಯೋಸಲ್ಫೇಟ್. ಉಳಿದ ಕ್ಲೋರಿನ್ ಕಟ್ಟಿ ಹಾಕುತ್ತೆ. ಉಳಿದದ್ದನ್ನ ಬಿಸಿಲು ನೋಡಿಕೊಳ್ಳುತ್ತೆ. ಬಿಸಿಲಿಗೆ ನಮ್ಮೂರಲ್ಲಿ ಬರವಿಲ್ಲ.

ಕೆಲವರು ಆಮೇಲೆ ಆಸಿಡ್ಡಲ್ಲೂ ಅದ್ದುತ್ತಾರೆ. ಕಲ್ಲಿನ ಮೇಲ್ಪದರ ಬುಸುಬುಸು ಕರಗಿ, ಅದರೊಳಗೆ ಕೂತ ಫಾಸ್ಫೇಟ್ ಕೂಡ ಹೋಗುತ್ತೆ ಅನ್ನೋದು ಲೆಕ್ಕ. ಸುಣ್ಣದ ಕಲ್ಲಿಗೆ ಸರಿ. ಸಿಮೆಂಟಿನ ಕಲ್ಲನ್ನ ಆಸಿಡ್ಡಿಗೆ ಇಳಿಸಿದರೆ ಕಲ್ಲೇ ಉದುರಿಹೋಗಬಹುದು, ನಾನು ಆ ಗೋಜಿಗೆ ಹೋಗಲಿಲ್ಲ. ಅದೂ ಅಲ್ಲದೆ 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಬಿಗಿ ಮಾಡಿದ ಮೇಲೆ ಅಂಗಡಿಯವರು ಗುರುತಿನ ಚೀಟಿ ನೋಡಿ, ಯಾಕೆ ಬೇಕು ಅಂತ ಪುಸ್ತಕದಲ್ಲಿ ಬರೆದುಕೊಳ್ಳಬೇಕು. "ಕಲ್ಲಿಗೆ ಸ್ನಾನ" ಅಂತ ಬರೆಸೋ ಧೈರ್ಯ ಯಾರಿಗಿದೆ? ಯಾರಾದರೂ ಮಾಡೋದಿದ್ದರೆ ಇಷ್ಟು ನೆನಪಿರಲಿ: ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ, ಬ್ಲೀಚ್ ಇನ್ನೂ ಮೆತ್ತಿಕೊಂಡಿರೋ ಕಲ್ಲಿಗೆ ಆಸಿಡ್ ತಾಗಿಸಲೇಬಾರದು. ಎದ್ದು ಬರೋದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಕಂದಕಗಳ ಮೇಲೆ ಹರಿಯಬಿಟ್ಟದ್ದು ಅದನ್ನೇ.

ಹಾಗಾದರೆ ಫಾಸ್ಫೇಟಿಗೇನು? ಹಳೇ ಕಲ್ಲಿನ ನಿಜವಾದ ಸಾಲ ಅದೇ. ಹಿಂದಿನ ಮಾಲೀಕರು ಮೀನಿಗೆ ಪ್ರೀತಿಯಿಂದ ಸುರಿದ ತಿಂಡಿಯೆಲ್ಲ ಫಾಸ್ಫೇಟಾಗಿ ಕಲ್ಲಿನ ಸುಣ್ಣಕ್ಕೆ ಅಂಟಿರುತ್ತೆ. ನೋಡೋಕೆ ಕಲ್ಲು ಹಾಲಿನ ಬಿಳುಪು. ಶುದ್ಧ ನೀರಿಗೆ ಇಳಿಸಿದ ಮೇಲೆ ಮೆಲ್ಲಮೆಲ್ಲಗೆ ಹೊರಗೆ ಬಿಟ್ಟುಕೊಳ್ಳುತ್ತೆ, ಮೂರೇ ವಾರಕ್ಕೆ ತೊಟ್ಟಿಯಲ್ಲಿ ಕೂದಲಿನಂಥ ಹಸಿರು ಪಾಚಿ. ಬೇರೆ ಡ್ರಮ್ಮಿನಲ್ಲಿ ನೆನೆಸಿ, ಫಾಸ್ಫೇಟ್ ಅಳೆದು, ನೀರು ಚೆಲ್ಲಿ, ಮತ್ತೆ ನೆನೆಸೋದು. ಏರೋದು ನಿಂತಾಗ ಸಾಕು. ಲ್ಯಾಂಥನಮ್ ಕ್ಲೋರೈಡ್ ಹಾಕಿ ಬೇಗ ಮುಗಿಸೋರೂ ಇದ್ದಾರೆ. ನನಗೆ ಅವಸರವಿಲ್ಲ, ಅದಕ್ಕೆ ಕಾಸೂ ಇಲ್ಲ.

ನೀರಿನದು ಬೇರೆ ರಾಮಾಯಣ. ಹಳೇ ಅನಂತಪುರ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡು, ಗಡಸು ನಿಮಗೆ ಹೇಳಬೇಕಾದ್ದಿಲ್ಲ. ಪುಟ್ಟಪರ್ತಿಯ ಸಾಯಿಬಾಬಾ ತೊಂಬತ್ತರ ದಶಕದಲ್ಲಿ ನೂರಾರು ಹಳ್ಳಿಗೆ ಪೈಪು ಎಳೆಸಿ ನೀರು ಕೊಟ್ಟದ್ದು ಸುಮ್ಮನೆ ಅಲ್ಲ. ಮನುಷ್ಯರು ಕುಡಿಯೋ ಆರ್‌ಓ ಕ್ಯಾನಿನ ನೀರೂ ಇದಕ್ಕೆ ಸಾಲದು, ಅದನ್ನ ಇನ್ನೊಂದು ರಾಳದ ಪುಡಿಯ ಕೊಳವೆಯಲ್ಲಿ ಹಾಯಿಸಿ ಬರೀ ನೀರು ಮಾಡಬೇಕು. ಆಮೇಲೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅತ್ತೆ ಅಡುಗೆಮನೆಯಿಂದ ಕಲ್ಲುಪ್ಪಿನ ಡಬ್ಬಿ ತೋರಿಸಿದರು. ಅದರಲ್ಲಿ ಬಹುಪಾಲು ಸೋಡಿಯಂ ಕ್ಲೋರೈಡು ಅತ್ತೇ. ಸಮುದ್ರದ ನೀರಿನ ಲೀಟರಿಗೆ 1,300 ಮಿಲಿಗ್ರಾಂ ಆಸುಪಾಸು ಮೆಗ್ನೀಷಿಯಂ, 400ರ ಮೇಲೆ ಕ್ಯಾಲ್ಷಿಯಂ ಇರಬೇಕು. ಮೀನಿನ ತೊಟ್ಟಿಗೆ ಅಂತಲೇ ಚೀಲದಲ್ಲಿ ಬರೋ ಸಮುದ್ರದ ಉಪ್ಪೇ ಬೇಕು. ಅದರ ಬೆಲೆ ಅತ್ತೆಗೆ ಹೇಳಲಿಲ್ಲ.

ಈಗ ಕಲ್ಲು ಮುಚ್ಚಿದ ಡ್ರಮ್ಮಿನಲ್ಲಿ, ಉಪ್ಪುನೀರಲ್ಲಿ, ಪಂಪಿನ ಗುಟುರು ಕೇಳ್ತಾ ಕೂತಿದೆ. ಎಲ್ಲ ಕೊಂದಾಯಿತಲ್ಲ, ಹೊಸ ಬ್ಯಾಕ್ಟೀರಿಯಾ ಬಂದು ನೆಲೆಸಬೇಕು. ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ಅವಕ್ಕೆ ಊಟಕ್ಕೆ ಅಮೋನಿಯಾ ಹಾಕಿದ್ದೀನಿ. ಅಮೋನಿಯಾ ಏರಿ ಇಳಿಯಬೇಕು, ನೈಟ್ರೈಟ್ ಏರಿ ಇಳಿಯಬೇಕು, ಎರಡೂ ಸೊನ್ನೆಗೆ ಬಂದು ನಿಲ್ಲಬೇಕು. ತಿಂಗಳೋ ಎರಡು ತಿಂಗಳೋ. ಊರಿನವರು ಬಂದು ಮುಚ್ಚಳ ಎತ್ತಿ ನೋಡಿ, ಮೀನೆಲ್ಲಿ ಅಂತ ಕೇಳಿ, ಕಾಫಿ ಕುಡಿದು ಹೋಗ್ತಾರೆ.

"ಬೇಸಿಗೇಲೇನು ಮಾಡ್ತೀಯ?" ಇದು ಮಾವನ ಮೊದಲನೇ ಒಳ್ಳೇ ಪ್ರಶ್ನೆ. ಕಡಲ ಪ್ರಾಣಿಗೆ 25–26 ಡಿಗ್ರಿ ಬೇಕು, ನಮ್ಮ ಮೇ ತಿಂಗಳು ನಲವತ್ತರ ಹತ್ತಿರ. ಹಣ್ಣಾಗೋ ಹುಳುಗೂ 25ರ ಆಸುಪಾಸೇ ಬೇಕು, ಕಿಟಕಿಗೆ ಒದ್ದೆ ಗೋಣಿ ಕಟ್ಟು ಅಂದರು. ಕಟ್ಟಬಹುದು, ನೀರಿನ ಮೇಲೆ ಫ್ಯಾನು ಬಿಟ್ಟರೂ ಎರಡು ಮೂರು ಡಿಗ್ರಿ ಇಳಿಯುತ್ತೆ. ಆದರೆ ಆವಿಯಾಗೋದು ನೀರು ಮಾತ್ರ, ಉಪ್ಪು ಉಳಿಯುತ್ತೆ, ಅದಕ್ಕೆ ದಿನಾ ಸಿಹಿನೀರು ತುಂಬಿಸಬೇಕು. ಕರೆಂಟು ಹೋದಾಗ ಪಂಪಿಗೆ ಇನ್ವರ್ಟರ್ ಬೇರೆ. ಮಾವ ಬಿಲ್ಲಿನ ಲೆಕ್ಕ ಮನಸ್ಸಿನಲ್ಲೇ ಹಾಕಿದರು ಅಂತ ಕಾಣುತ್ತೆ, ತುಟಿ ಅಲ್ಲಾಡಿತು. ಆಮೇಲೆ ಬೇಲಿ ಮೇಲಿಟ್ಟಿದ್ದ ಬ್ಲೀಚಿಂಗ್ ಪುಡಿಯ ಚೀಲ ವಾಪಸ್ ಎತ್ತಿಕೊಂಡು, "ನಿಂಗೆ ಬೇಡಾಂದ್ರೆ ನಂಗೆ ಬೇಕು, ಸೋಮವಾರ ಚಾಕಿ ಬರುತ್ತೆ" ಅಂತ ಹುಳುಮನೆ ಕಡೆ ನಡೆದರು.