ಜಕಣಾಚಾರಿಯ ಕತೆ ಹೇಳಿ, ದಾಸೋಜನ ಹೆಸರನ್ನೂ ಹೇಳಿ

ರಜೆಗೆ ಮಕ್ಕಳನ್ನು ಕರೆದುಕೊಂಡು ಬೇಲೂರಿಗೆ ಹೊರಟಿದ್ದೀರಂತೆ. ಬಹಳ ಸಂತೋಷ, ಹೋಗಿ ಬನ್ನಿ. ಒಂದೇ ಒಂದು ಮಾತು: ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಅವಸರಕ್ಕೆ ಬೀಳಬೇಡಿ. ಬೇಲೂರಿಗೇ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ನೋಡುವುದು ಎಷ್ಟಿದೆಯೋ ಕೇಳುವುದೂ ಅಷ್ಟೇ ಇದೆ. ಕೇಳಿದ್ದನ್ನು ಕಲ್ಲಿನ ಮೇಲೆ ಬರೆದದ್ದರ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಇನ್ನೂ ದೊಡ್ಡ ಸುಖವಿದೆ.

ಕಪ್ಪೆ ಚೆನ್ನಿಗರಾಯನ ಕತೆ ನಿಮಗೆ ಗೊತ್ತೇ ಇರುತ್ತದೆ. ಆದರೂ ಮಕ್ಕಳಿಗೆ ಹೇಳುವಾಗ ಪೂರ್ತಿ ಹೇಳಬೇಕು. ತುಮಕೂರಿನ ಹತ್ತಿರದ ಕ್ರೀಡಾಪುರದಲ್ಲಿ ಜಕಣಾಚಾರಿ ಎಂಬ ಶಿಲ್ಪಿ. ಕಲ್ಲಿನ ಹುಚ್ಚು ಹಿಡಿದು, ಬಸುರಿ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಊರೂರು ಅಲೆದ. ಕಡೆಗೆ ಹೊಯ್ಸಳ ದೊರೆ ವಿಷ್ಣುವರ್ಧನನ ಆಶ್ರಯಕ್ಕೆ ಬಂದು ಬೇಲೂರಿನಲ್ಲಿ ಉಳಿ ಹಿಡಿದ. ಇತ್ತ ಮಗ ಡಂಕಣ ಹುಟ್ಟಿ ಬೆಳೆದು, ಅಪ್ಪನನ್ನು ಹುಡುಕುತ್ತಾ ಅದೇ ಬೇಲೂರಿಗೆ ಬಂದು ಕೆಲಸಕ್ಕೆ ಸೇರಿದ. ಒಬ್ಬರಿಗೊಬ್ಬರ ಗುರುತಿಲ್ಲ. ಒಂದು ದಿನ ಆ ಹುಡುಗ, ಹಿರಿಯ ಶಿಲ್ಪಿ ಕಡೆದ ವಿಗ್ರಹ ನೋಡಿ, ಈ ಕಲ್ಲಿನಲ್ಲಿ ದೋಷವಿದೆ ಎಂದುಬಿಟ್ಟ. ದೋಷ ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಟ್ಟ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿ ಉಳಿಯಿತು. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಜೊತೆಗೊಂದು ಜೀವಂತ ಕಪ್ಪೆ!

ಆಡಿದ ಮಾತಿನಂತೆ ಅವನು ಕೈ ಕಡಿದುಕೊಂಡ. ಆಮೇಲೆ ಅಪ್ಪ ಮಗನ ಗುರುತಾಯಿತು. ನಿನ್ನ ಹುಟ್ಟೂರಿನಲ್ಲಿ ನನಗೊಂದು ಗುಡಿ ಕಟ್ಟು ಎಂದು ಬೇಲೂರಿನ ದೇವರು ಚೆನ್ನಕೇಶವನ ಅಪ್ಪಣೆಯಾಯಿತು. ಗುಡಿ ಮುಗಿದಾಗ ಕಡಿದ ಕೈ ಮರಳಿ ಬಂತು, ಕ್ರೀಡಾಪುರವನ್ನು ಜನ ಕೈದಾಳ ಎಂದು ಕರೆದರು. 1964ರಲ್ಲಿ ಬಿ.ಎಸ್. ರಂಗಾ ಈ ಕತೆಯನ್ನೇ ‘ಅಮರಶಿಲ್ಪಿ ಜಕಣಾಚಾರಿ’ ಎಂದು ಸಿನಿಮಾ ಮಾಡಿದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಶಿಲ್ಪಿಗಳಿಗೆ ನಮ್ಮ ಸರ್ಕಾರ ಕೊಡುವ ಪ್ರಶಸ್ತಿಯೂ ಜಕಣಾಚಾರಿಯ ಹೆಸರಿನಲ್ಲೇ ಇದೆ.

ಇನ್ನು ಕಲ್ಲು ಏನು ಹೇಳುತ್ತದೆ, ಅದನ್ನೂ ಕೇಳಿ. ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಆಗ ದೇವರ ಹೆಸರು ವಿಜಯನಾರಾಯಣ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಪಟ್ಟದರಸಿ ಶಾಂತಲೆ. ಕೈದಾಳದಲ್ಲಿ ಗುಡಿಗಳನ್ನು ಕಟ್ಟಿಸಿದವನು ಹೊಯ್ಸಳರ ಸಾಮಂತ ಗೂಳೆ ಬಾಚಿ ಎಂದು ಅಲ್ಲಿನ ಹನ್ನೆರಡನೆಯ ಶತಮಾನದ ಶಾಸನವಿದೆ. ಜಕಣಾಚಾರಿಯ ಹೆಸರು ಮಾತ್ರ ಬೇಲೂರಿನ ಶಾಸನಗಳಲ್ಲಿ ಇಲ್ಲ.

ಹಾಗೆಂದು ಶಿಲ್ಪಿಗಳ ಹೆಸರೇ ಇಲ್ಲವೆ? ಇದೆ! ನನಗೆ ಬೇಲೂರಿನ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ. ಮದನಿಕೆಯರ, ಎಂದರೆ ಗುಡಿಯ ಸುಂದರಿಯರ ಶಿಲ್ಪಗಳ, ಪಾದದ ಕೆಳಗಿನ ಪಟ್ಟಿಯನ್ನು ಗಮನಿಸಿ ನೋಡಿ. ಕೆಲವು ಕಡೆ ಹಳಗನ್ನಡ ಅಕ್ಷರಗಳು ಕಾಣುತ್ತವೆ. ಅವು ಕಡೆದವರ ರುಜು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಎಂದರೆ ಈಗಿನ ಶಿಕಾರಿಪುರ ತಾಲ್ಲೂಕಿನ ಊರು, ಅಲ್ಲಮಪ್ರಭುವಿನ ಊರು. ಅಲ್ಲಿಂದ ಅಪ್ಪ ಮಗ ಇಬ್ಬರೂ ಬೇಲೂರಿಗೆ ಬಂದು, ತಾವು ಕಡೆದ ಬೊಂಬೆಯ ಕೆಳಗೆ ತಮ್ಮ ಊರು, ಹೆಸರು, ಬಿರುದು ಬರೆದು ಹೋಗಿದ್ದಾರೆ. ಆ ಬಿರುದುಗಳ ಠೀವಿ ಕೇಳಬೇಕು: ಎದುರಾಳಿ ಶಿಲ್ಪಿಗಳೆಲ್ಲ ಮನ್ಮಥನಾದರೆ ತಾನು ಅವನನ್ನು ಸುಟ್ಟ ಶಿವ ಎನ್ನುವ ಧಾಟಿ. ಕೂಲಿಗೆ ಬಂದು ತಲೆ ತಗ್ಗಿಸಿ ಹೋದವರ ಮಾತಲ್ಲ ಅದು. ಮುಂದೆ ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿಯೂ ಹೀಗೆಯೇ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ನಮ್ಮ ದೇಶದಲ್ಲಿ ಎಷ್ಟೋ ದೊಡ್ಡ ಗುಡಿಗಳ ಶಿಲ್ಪಿಗಳು ಯಾರೆಂದೇ ತಿಳಿಯದು. ಹೊಯ್ಸಳ ನಾಡಿನಲ್ಲಿ ಅನೇಕರು ಕನ್ನಡದಲ್ಲಿ ರುಜು ಹಾಕಿದ್ದಾರೆ.

ಹಾಗಾದರೆ ಜಕಣಾಚಾರಿಯ ಕತೆ ಸುಳ್ಳು, ಬಿಟ್ಟುಬಿಡಿ ಎನ್ನುತ್ತೀರಾ? ನಾನಂತೂ ಬಿಡುವುದಿಲ್ಲ. ಕತೆಯಲ್ಲಿ ಅಪ್ಪ ಮಗ, ಕಲ್ಲಿನಲ್ಲೂ ಅಪ್ಪ ಮಗ. ಕತೆಯಲ್ಲಿ ಶಿಲ್ಪಿಯ ಛಲ, ಕಲ್ಲಿನ ಬಿರುದುಗಳಲ್ಲೂ ಅದೇ ಛಲ. ಆ ಲಿಪಿ ಓದಲು ಬಾರದ ಜನ ಶತಮಾನಗಳ ಕಾಲ ಈ ಗುಡಿಯ ಸುತ್ತ ಪ್ರದಕ್ಷಿಣೆ ಬಂದಿದ್ದಾರೆ. ಕಟ್ಟಿಸಿದ ರಾಜನ ಪ್ರತಾಪಕ್ಕಿಂತ ಕಡೆದ ಕೈಯ ಕತೆಯನ್ನೇ ಅವರು ಹೆಚ್ಚು ಜತನದಿಂದ ಮಕ್ಕಳಿಗೆ ದಾಟಿಸಿದರು. ತನ್ನ ತಪ್ಪಿಗೆ ತಾನೇ ಶಿಕ್ಷೆ ಕೊಟ್ಟುಕೊಂಡವನನ್ನು, ಸತ್ಯ ಹೇಳಲು ಹಿರಿಯರ ಮುಂದೆಯೂ ಅಂಜದ ಹುಡುಗನನ್ನು ಅವರು ನೆನಪಿಟ್ಟುಕೊಂಡರು. ಇದು ಸಣ್ಣ ವಿವೇಕವಲ್ಲ.

ಗುಡಿಯ ಬಾಗಿಲ ಎರಡೂ ಪಕ್ಕ ಹುಲಿಯೊಡನೆ ಸೆಣಸುವ ಸಳನಿದ್ದಾನೆ. ಅವನ ಕತೆ ಶಾಲೆಯ ಪುಸ್ತಕದಲ್ಲೇ ಇದೆ. ಸೊಸೆವೂರಿನಲ್ಲಿ, ಎಂದರೆ ಮೂಡಿಗೆರೆ ಕಡೆಯ ಅಂಗಡಿಯಲ್ಲಿ, ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಜೈನ ಮುನಿ ‘ಹೊಯ್ ಸಳ’ ಎಂದ, ಸಳ ಹುಲಿಯನ್ನು ಹೊಡೆದ, ವಂಶಕ್ಕೆ ಆ ಹೆಸರು ನಿಂತಿತು. ಇತಿಹಾಸಕಾರರು ಇದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾರೆ. ಚೋಳರ ಲಾಂಛನ ಹುಲಿ, ಹಾಗಾಗಿ ಈ ಶಿಲ್ಪ ಅವರ ಮೇಲಿನ ಗೆಲುವಿನ ಗುರುತೂ ಹೌದು ಎನ್ನುತ್ತಾರೆ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ‘ತಲಕಾಡುಗೊಂಡ’ನಾದ ಬೆನ್ನಲ್ಲೇ ಬೇಲೂರಿನ ಪ್ರತಿಷ್ಠೆಯಾಯಿತು, ದೇವರಿಗೆ ವಿಜಯನಾರಾಯಣನೆಂಬ ಹೆಸರಾಯಿತು. ಬಾಗಿಲಲ್ಲಿ ಸಳನನ್ನು ನೋಡುವಾಗ ಈ ಎರಡನ್ನೂ ನೆನೆಯಿರಿ, ಆ ಶಿಲ್ಪ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಐತಿಹ್ಯ ನನಗೆ ತೀರಾ ಹತ್ತಿರದ್ದು, ದೇವರ ಪಾದರಕ್ಷೆಯದು. ಚೆನ್ನಕೇಶವನನ್ನು ಬಾಬಾಬುಡನ್ ಬೆಟ್ಟದಿಂದ ಬೇಲೂರಿಗೆ ತಂದಾಗ ಅಮ್ಮನವರು ಬೆಟ್ಟದಲ್ಲೇ ಉಳಿದುಬಿಟ್ಟರಂತೆ. ಅದಕ್ಕೇ ಸ್ವಾಮಿ ಆಗಾಗ ಬೆಟ್ಟಕ್ಕೆ ನಡೆದು ಹೋಗಿ ಬರುತ್ತಾನೆ. ನಡೆದೂ ನಡೆದೂ ಪಾದರಕ್ಷೆ ಸವೆಯುತ್ತದೆ. ಆಗ ಚನ್ನಗಿರಿ, ಬಸವಾಪಟ್ಟಣದ ಕಡೆಯ ಚರ್ಮಕಾರರ ಕನಸಿನಲ್ಲಿ ಕಾಣಿಸಿಕೊಂಡು ಹೊಸ ಜೋಡಿಗೆ ಅಪ್ಪಣೆ ಮಾಡುತ್ತಾನೆ. ಅವರು ಅದನ್ನು ಮಾಡಿ ತಂದಾಗ ಗುಡಿಯ ಅಂಗಳಕ್ಕೆ ಪ್ರವೇಶ ಪಡೆಯುತ್ತಿದ್ದರು. ಉಳಿದ ದಿನ ಹೊಸಿಲ ಆಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ, ಆ ಜನರ ಕೈಕೆಲಸವಿಲ್ಲದೆ ದೇವರೂ ಹೆಜ್ಜೆ ಇಡಲಾರ ಎಂದು ಈ ಕತೆ ಹೇಳಿತು. ಮಕ್ಕಳಿಗೆ ಇದನ್ನು ಹೇಳದೆ ಬರಬೇಡಿ. ಹೊಸಿಲ ಆಚೆ ನಿಲ್ಲಿಸಿದ್ದು ಅನ್ಯಾಯ ಎನ್ನುವುದನ್ನೂ ಹೇಳಿ.

ಒಳಗೆ ಹೋದಾಗ ಕಣ್ಣು ಕತ್ತಲೆಗೆ ಹೊಂದುವವರೆಗೆ ಸ್ವಲ್ಪ ನಿಲ್ಲಿ. ಮೊದಲು ಮಂಟಪ ತೆರೆದೇ ಇತ್ತು. ಈಗ ಸುತ್ತ ಕಾಣುವ ಕಲ್ಲಿನ ಜಾಲಂಧ್ರಗಳನ್ನು ಆಮೇಲೆ ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳ ಹಾಕಿಸಿದ. ನವರಂಗದಲ್ಲಿ ನರಸಿಂಹ ಕಂಬವಿದೆ, ಮೇಲಿನಿಂದ ಕೆಳಗಿನವರೆಗೆ ಸಣ್ಣ ಸಣ್ಣ ಶಿಲ್ಪ. ಕಡಲೆಕಾಳಿನಷ್ಟು ಚಿಕ್ಕ ಬಸವನನ್ನೂ ತೋರಿಸುತ್ತಾರೆ. ಒಂದು ಕಾಲಕ್ಕೆ ಈ ಕಂಬ ತಿರುಗುತ್ತಿತ್ತು ಎನ್ನುತ್ತಾರೆ. ಅದರಲ್ಲೊಂದು ಪುಟ್ಟ ಚೌಕ ಖಾಲಿ ಇದೆ. ನನ್ನಷ್ಟು ಚೆನ್ನಾಗಿ ಕಡೆಯಬಲ್ಲವನು ಬಂದು ತುಂಬಲಿ ಎಂದು ಶಿಲ್ಪಿ ಬಿಟ್ಟು ಹೋದನಂತೆ. ಹೊರಗಿನ ದರ್ಪಣಸುಂದರಿ ಶಾಂತಲೆಯೇ ಎಂದೂ ಹೇಳುತ್ತಾರೆ. ಅವಳ ನೃತ್ಯವನ್ನು ಶಾಸನಗಳೇ ಹೊಗಳಿವೆ, ಹಾಗಾಗಿ ಜನ ಅವಳನ್ನು ಮದನಿಕೆಯರ ನಡುವೆ ಹುಡುಕಿದ್ದು ಸಹಜ. ಅದೇ ಶಾಂತಲೆ ಜೈನಳಾಗಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು, ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ಒಬ್ಬಳೇ ಹೆಣ್ಣುಮಗಳು, ಎರಡೂ ಕಡೆ ಭಕ್ತಿ.

ಎದುರಿನ ಗೋಪುರ ಹೊಯ್ಸಳರದ್ದಲ್ಲ. ಒಂದು ದಾಳಿಯಲ್ಲಿ ಹಳೆಯ ಮಹಾದ್ವಾರ ಸುಟ್ಟುಹೋಗಿತ್ತು. ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದ. ಹೊಯ್ಸಳರು ಅಳಿದ ಮೇಲೂ ಬೇಲೂರಿನಲ್ಲಿ ಪೂಜೆ ನಿಲ್ಲಲಿಲ್ಲ, ದುರಸ್ತಿಯೂ ನಿಲ್ಲಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತಂದಿತು. ಲೋಕವೆಲ್ಲ ಬಂದು ನೋಡುವ ಈ ಹೊತ್ತಿನಲ್ಲಿ ಆ ಗುಡಿಯನ್ನು ಕಡೆದವರ ಹೆಸರು ನಮ್ಮ ಮಕ್ಕಳ ಬಾಯಲ್ಲೇ ಇಲ್ಲದಿದ್ದರೆ ಹೇಗೆ?

ಅದಕ್ಕೇ ನನ್ನ ಕೋರಿಕೆ ಇಷ್ಟು. ಗೈಡ್ ಸಿಕ್ಕರೆ ಕಪ್ಪೆಯ ಕತೆಯನ್ನು ಅವರ ಬಾಯಲ್ಲೇ ಕೇಳಿ, ಅವರಷ್ಟು ಸೊಗಸಾಗಿ ಪುಸ್ತಕವೂ ಹೇಳಲಾರದು. ಕತೆ ಮುಗಿದ ಮೇಲೆ, ದಾಸೋಜನ ಹೆಸರು ಎಲ್ಲಿದೆ ತೋರಿಸಿ, ಚಾವಣನ ಹೆಸರು ಎಲ್ಲಿದೆ ತೋರಿಸಿ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅವರೇ ತೋರಿಸುತ್ತಾರೆ. ಕಲ್ಲನ್ನು ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ, ಬಳಪದ ಕಲ್ಲು ಸಾವಿರಾರು ಬೆರಳು ತಾಗಿದರೆ ಸವೆಯುತ್ತದೆ. ಆ ಅಕ್ಷರಗಳನ್ನು ದೂರದಿಂದ ತೋರಿಸಿ. ಜಕಣಾಚಾರಿ ನಮ್ಮವನು, ದಾಸೋಜನೂ ನಮ್ಮವನು. ಇಬ್ಬರ ಹೆಸರನ್ನೂ ಮಕ್ಕಳಿಗೆ ದಾಟಿಸುವುದು ನಮ್ಮ ಕೆಲಸ.