ಲಾರಿಭೋಜನ ಮೀಮಾಂಸೆ: ಚೌಡಾಪುರ ಪಾಠ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗವಿದೆ. ಹೊಲದ ಇಲಿಯನ್ನು ಹೇಗೆ ಹದಮಾಡಬೇಕೆಂಬುದನ್ನೂ ಅರಸ ಬಿಟ್ಟಿಲ್ಲ. ಅದಕ್ಕೂ ನೂರು ವರ್ಷ ಮೊದಲೇ, 1025ರಲ್ಲಿ, ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಪಾಕವನ್ನು ಹೇಳಿದ. 16ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಗ್ರಂಥವನ್ನೇ ಬರೆದ. ಇಷ್ಟೆಲ್ಲ ಬರೆದವರಲ್ಲಿ ಒಬ್ಬರಿಗೂ, ಅರಮನೆಯ ಅಡುಗೆಮನೆಗೆ ಜೋಳದ ಚೀಲ ತಂದು ಇಳಿಸಿದವನು ಆ ದಿನ ಎಲ್ಲಿ ಉಂಡ ಎಂಬ ಸಂಶಯ ಮೂಡಲಿಲ್ಲ. ಸಾವಿರ ವರ್ಷದ ಈ ಗ್ರಂಥಲೋಪವನ್ನು ತುಂಬಲು ಬೇರೆ ಯಾರೂ ಮುಂದೆ ಬಾರದ ಕಾರಣ ನಾವೇ ಕೈಹಾಕಿದ್ದೇವೆ.

ಮೊದಲು ಕ್ಷೇತ್ರನಿರ್ಣಯ. ಅಫಜಲಪುರ ತಾಲ್ಲೂಕಿನ ಚೌಡಾಪುರವನ್ನೇ ಏಕೆ ಆರಿಸಿದಿರಿ ಎಂದು ಪಂಡಿತರು ಕೇಳಬಹುದು. ಕಲಬುರಗಿಯಿಂದ ಬಂದ ಭಕ್ತರು ದೇವಲ ಗಾಣಗಾಪುರಕ್ಕೆ ಹೊರಳುವುದು ಇಲ್ಲಿಯೇ. ಗಾಣಗಾಪುರದ ದತ್ತಾತ್ರೇಯನೋ, ಬೆಳಿಗ್ಗೆ ಕಾಶಿಯಲ್ಲಿ ಸ್ನಾನ, ಮಧ್ಯಾಹ್ನ ಕೊಲ್ಹಾಪುರದಲ್ಲಿ ಭಿಕ್ಷೆ, ರಾತ್ರಿ ಮಾಹೂರಿನಲ್ಲಿ ನಿದ್ರೆ ಎಂಬ ಖ್ಯಾತಿಯವನು. ನ್ಯಾಷನಲ್ ಪರ್ಮಿಟ್ ಇಲ್ಲದೆ ಇಂಥ ಟ್ರಿಪ್ಪು ಹೊಡೆಯುವ ದೇವರು ಬೇರೆ ಇಲ್ಲ. ಮಧ್ಯಾಹ್ನದ ಭಿಕ್ಷೆ ಕೊಲ್ಹಾಪುರದಲ್ಲಲ್ಲ, ಗಾಣಗಾಪುರದಲ್ಲೇ ಎಂಬುದು ಈ ಕಡೆಯ ಪಾಠಾಂತರ. ಆ ಹೊತ್ತಿಗೆ ಭಕ್ತರೂ ಜೋಳಿಗೆ ಹಿಡಿದು ಐದು ಮನೆಯ ಮಧುಕರಿ ಬೇಡುತ್ತಾರೆ. ಚಹಾ ಒಂದು ಊರಲ್ಲಿ, ಸುಸಲಾ ಮಿರ್ಚಿ ಮತ್ತೊಂದು ಊರಲ್ಲಿ, ಊಟ ಮೂರನೆಯ ರಾಜ್ಯದಲ್ಲಿ ಮುಗಿಸುವ ಲಾರಿ ಡ್ರೈವರನೂ ಮಧುಕರಿಯೇ ಎಂಬುದು ನಮ್ಮ ಮೊದಲ ಪ್ರಮೇಯ. ಭೇದ ಇಷ್ಟೇ: ಇವನು ರೊಕ್ಕ ಕೊಟ್ಟು ಬೇಡುತ್ತಾನೆ.

ಇನ್ನು ಪೂರ್ವಪಕ್ಷ. 2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಎಂಬ ಸ್ಮೃತಿಗ್ರಂಥದ ಪ್ರಕಾರ ಒಬ್ಬನು ಐದು ತಾಸಿಗಿಂತ ಹೆಚ್ಚು ಒಂದೇ ಸಮನೆ ದುಡಿಯಬಾರದಿತ್ತು; ನಡುವೆ ಅರ್ಧ ತಾಸಾದರೂ ಬಿಡುವು ಬೇಕಿತ್ತು. ಆದ್ದರಿಂದ ಡ್ರೈವರನು ಐದು ತಾಸಿಗೊಮ್ಮೆ ಸಾವಕಾಶವಾಗಿ ಕೂತು ಉಣ್ಣುತ್ತಾನೆ ಎಂಬುದು ಸಿದ್ಧವಾಯಿತು. ಇದನ್ನು ಖಂಡಿಸಲು ಹೆಚ್ಚು ದೂರ ಹೋಗಬೇಕಿಲ್ಲ. ಕಬ್ಬು ಅರೆಯುವ ದಿನಗಳಲ್ಲಿ ಅಫಜಲಪುರದ ಹವಳಗಾ, ಆಳಂದದ ಭೂಸನೂರು, ಯಡ್ರಾಮಿಯ ಮಳ್ಳಿ, ಈ ಮೂರರಲ್ಲಿ ಯಾವ ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಾದರೂ ನಿಂತು ನೋಡಿ. ಮುಂದಿನ ಗಾಡಿ ಎರಡು ಮಾರು ಜರುಗಿದಾಗ ಹಿಂದಿನವನು ಜರುಗದಿದ್ದರೆ ನಡುವೆ ಟ್ರ್ಯಾಕ್ಟರ್ ಒಂದು ಮೂತಿ ತೂರಿಸುತ್ತದೆ. ಹೀಗಾಗಿ ಬಾಯೊಳಗಿನ ತುತ್ತು ಬಾಯೊಳಗೇ ಇರುವಾಗ ಗೇರ್ ಬೀಳುತ್ತದೆ. ಸ್ಮೃತಿಕಾರರು ಹಸಿವಿಗೆ ಗಡಿಯಾರ ಕಟ್ಟಿದರು, ಪಾಳಿಗೆ ಕಟ್ಟಲಿಲ್ಲ.

ಉಣ್ಣುವ ಕ್ರಮದಲ್ಲಿ ಎರಡು ದರ್ಶನಗಳಿವೆ: ಢಾಬಾವಾದ ಮತ್ತು ಬುತ್ತಿವಾದ. ಗಾಡಿಯ ಮಗ್ಗುಲಲ್ಲೇ ಸ್ಟೌ ಹಚ್ಚಿ ಅನ್ನ ಇಡುವ ದಕ್ಷಿಣದವರ ಮೂರನೆಯ ದರ್ಶನವೂ ಉಂಟು. ಅದಕ್ಕೆ ನೀರು, ನೆರಳು, ಪುರಸೊತ್ತು ಮೂರೂ ಒಂದೇ ಕಡೆ ಸಿಗಬೇಕಾದ್ದರಿಂದ ಏಪ್ರಿಲ್ ತಿಂಗಳ ಅಫಜಲಪುರ ರಸ್ತೆಯಲ್ಲಿ ಅದನ್ನು ಚರ್ಚಿಸುವುದು ವ್ಯರ್ಥ.

ಬುತ್ತಿವಾದಿಗಳ ಮೂಲದ್ರವ್ಯ ಕಡಕ್ ರೊಟ್ಟಿ. ನೀರಿನಂಶ ಸುಟ್ಟುಹೋಗಿರುವುದರಿಂದ ಬೂಷ್ಟು ಹಿಡಿಯುವುದಿಲ್ಲ. ಎಣ್ಣೆ ಇಲ್ಲವಾದ್ದರಿಂದ ಕಮಟು ವಾಸನೆಯೂ ಹೊಡೆಯುವುದಿಲ್ಲ. ಸೀಟಿನ ಹಿಂದೆ ಧೋತರದ ಗಂಟಿನಲ್ಲಿ ಕೂತ ಹತ್ತು ರೊಟ್ಟಿ ಹಂಪು ದಾಟಿದಂತೆಲ್ಲ ಇಪ್ಪತ್ತಾಗಿ, ನಲವತ್ತಾಗಿ, ಕಡೆಗೆ ಎಣಿಕೆಗೆ ಸಿಗದಂತಾಗುತ್ತವೆ. ಬ್ರಹ್ಮ ಒಂದೇ, ಚೂರು ಅನೇಕ. ಉಪ್ಪಿನಕಾಯಿಯ ಹಳೆ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಕಾಗದದ ಪುಡಿಕೆಯಲ್ಲಿ ಅಗಸಿ ಹಿಂಡಿ. ಪುಂಡಿಪಲ್ಯ ಮಾತ್ರ ಮೊದಲ ದಿನಕ್ಕೆ. ಮರುದಿನ ಅದು ತನ್ನ ಹುಳಿಯ ಜೊತೆಗೆ ಬೇರೊಂದು ಹುಳಿಯನ್ನೂ ಸಂಪಾದಿಸಿರುತ್ತದೆ. ಉಳ್ಳಾಗಡ್ಡಿಯನ್ನು ಬಂಪರಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಬೇಕು. ಚಾಕುವಿನಿಂದ ಹೆಚ್ಚುವವನನ್ನು ಈ ಪಂಥ ಬಹಿಷ್ಕರಿಸುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಒಳ್ಳೆಯದೇ. ಕಿಟಕಿ ಮುಚ್ಚಿದ ಮೇಲೆ ಹಿಂಡಿಯ ಬೆಳ್ಳುಳ್ಳಿ ಎಲ್ಲಿಂದ ಹೊರಗೆ ಹೋಗಬೇಕೆಂಬುದಕ್ಕೆ ಇನ್ನೂ ಭಾಷ್ಯ ಬಂದಿಲ್ಲ.

ಢಾಬಾವಾದದ ದೊಡ್ಡ ವಿರೋಧಾಭಾಸ ತೊಗರಿಯದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಬೇಳೆಯನ್ನು 18 ಟನ್ನಿನ ಆಸುಪಾಸು ಹೇರಿಕೊಂಡು, ಮೇಲೆ ತಾಡಪತ್ರಿ ಬಿಗಿದು ಹೊರಟವನು ರಾತ್ರಿ ಢಾಬಾದ ಖಾಟಿನ ಮೇಲೆ ಕೂತು ದಾಲ್ ಫ್ರೈ ಹೇಳುತ್ತಾನೆ. ಬಂದ ಬಟ್ಟಲಿನಲ್ಲಿ ಎಣ್ಣೆ ಇರುತ್ತದೆ, ಅರಿಶಿನ ಇರುತ್ತದೆ. ಬೇಳೆ ಇದೆಯೆಂಬುದನ್ನು ಅನುಮಾನಪ್ರಮಾಣದಿಂದಲೇ ತಿಳಿಯಬೇಕು.

ಪ್ರಮಾಣವೆಂದ ಮೇಲೆ ತೂಕದ ಮಾತು. ಹತ್ತು ಗಾಲಿಯ ಲಾರಿ ಸರಕೂ ಸೇರಿ 28.5 ಟನ್ ದಾಟಬಾರದೆಂದು 2018ರಿಂದ ಮಿತಿ ಇದೆ, ದಾಟಿದರೆ ದಂಡ. ಅದನ್ನು ಓಡಿಸುವ ಹೊಟ್ಟೆಗೆ ಯಾವ ತೂಕದ ಕಾಟೆಯೂ ಇಲ್ಲ. ರಾತ್ರಿ ಎರಡರಿಂದ ನಾಲ್ಕರ ನಡುವೆ, ಮತ್ತೆ ಮಧ್ಯಾಹ್ನ ಊಟದ ಬೆನ್ನಿಗೆ, ಮನುಷ್ಯನ ದೇಹ ತಾನಾಗಿಯೇ ತೂಕಡಿಸುತ್ತದೆ. ಅದರ ಮೇಲೆ ನಾಲ್ಕು ಬೆಣ್ಣೆ ನಾನ್ ಹೇರಿದರೆ ಅದು ಶುದ್ಧ ಓವರ್‌ಲೋಡ್. ಈ ವಿಷಯದಲ್ಲಿ ಒಬ್ಬ ಹಿರಿಯ ಡ್ರೈವರ್ ಕೊಟ್ಟ ವ್ಯಾಖ್ಯಾನ ನಮ್ಮೆಲ್ಲ ಗ್ರಂಥಗಳಿಗಿಂತ ಚಿಕ್ಕದು: “ಹೊಟ್ಟಿ ತುಂಬಿದ್ರ ಕಣ್ಣು ಮುಚ್ತಾವ್ರಿ, ಖಾಲಿ ಇದ್ರ ಎದುರಿನ ಗಾಡಿ ಮ್ಯಾಲ ಸಿಟ್ಟು ಬರ್ತದ. ಅರ್ಧ ಉಣ್ಬೇಕು, ಉಳಿದರ್ಧ ಇಳಿಸಿದ ಮ್ಯಾಲ.”

ಹಾಗಾದರೆ ಎಲ್ಲಿ ಚೆನ್ನಾಗಿ ಉಣ್ಣಬಹುದು? ರುಚಿ, ಶುಚಿ, ಬೆಲೆ ಎಂಬ ಮೂರು ಹೇತುಗಳನ್ನು ಮುಂದಿಟ್ಟು ಚೌಡಾಪುರ ಕ್ರಾಸಿನ ಒಂದು ಖಾನಾವಳಿಯಲ್ಲಿ ವಿಚಾರಣೆಗೆ ಕೂತೆವು. ಮಾಲಕ ಬಿಸಿ ರೊಟ್ಟಿ ತಟ್ಟುವವರ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡುತ್ತ ನಮ್ಮ ಪ್ರಶ್ನಾವಳಿಗೆಲ್ಲ ಹ್ಞೂಂಗುಟ್ಟಿದ. ಎಣ್ಣೆಗಾಯಿ ಅಮೋಘವಾಗಿತ್ತು, ಅದೇ ನಿರ್ಣಾಯಕ ಹೇತು ಎಂದು ಬರೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಆತ ಒಂದೇ ಜಿಗಿತಕ್ಕೆ ಅಂಗಳಕ್ಕಿಳಿದು ಕೂಗಿದ:

“ಸರ್, ಬರಿಯೂದು ಆಮ್ಯಾಲ ಬರೀರಿ, ಮೊದಲು ನಿಮ್ಮ ಸ್ಕೂಟರ್ ಆ ಕಡಿ ಸರಸ್ರಿ! ಹನ್ನೆರಡು ಗಾಲಿ ಬರ್ಲಾಕತ್ತದ. ನಿಲ್ಲಾಕ ಜಾಗಾ ಸಿಗ್ಲಿಲ್ಲಂದ್ರ ಮುಂದಿನ ಢಾಬಾಕ್ಕ ಹೋಗ್ತಾನ, ನಿಮ್ಮ ಎಣ್ಣೆಗಾಯಿ ಯಾರ್ ತಿಂತಾರ?”